ಭೂತದ ಸಿನಿಮಾ ನೋಡಿ ನಗು ಬಂದರೆ ತಪ್ಪು ಯಾರದು?

ಸಂಪಾದಕರಿಗೆ ನಮಸ್ಕಾರ.

ಕೆಲವು ವಾರಗಳಿಂದ ನಿಮ್ಮ ಓದುಗರ ಪುಟದಲ್ಲಿ ಹಳೆಯ ಭಯಾನಕ ಚಿತ್ರಗಳ ಬಗ್ಗೆ ನಡೆದಿರುವ ವಾದವನ್ನು ಬಿಡದೆ ಓದುತ್ತಿದ್ದೇವೆ. ಡ್ರಾಕುಲಾ ಎಂದರೆ 1931ರ ಚಿತ್ರದ ಬೆಲಾ ಲುಗೋಸಿಯೋ 1958ರ ಚಿತ್ರದ ಕ್ರಿಸ್ಟೋಫರ್ ಲೀಯೋ, ನಿರ್ದೇಶಕರಲ್ಲಿ ಮುರ್ನೌ ಹೆಚ್ಚೋ ಜೇಮ್ಸ್ ವೇಲ್ ಹೆಚ್ಚೋ, ನಾಗವಲ್ಲಿಯಾಗಿ ಶೋಭನಾ ಮೇಲೋ ಸೌಂದರ್ಯ ಮೇಲೋ ಎಂದು ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯ ಓದುಗರು ಪಟ್ಟು ಬಿಡದೆ ಬರೆಯುತ್ತಿದ್ದಾರೆ. ಸಂತೋಷವೇ. ಆದರೆ ಎರಡೂ ಪಕ್ಷದವರು ಒಪ್ಪಿಕೊಂಡಂತೆ ಕಾಣುವ ಒಂದು ಮಾತಿದೆ: 'ಏನೇ ಹೇಳಿ, ಆ ಕಾಲದ ಭೂತದ ಸಿನಿಮಾ ಈಗ ನೋಡಿದರೆ ಹೆದರಿಕೆ ಬರುವುದಿಲ್ಲ, ನಗು ಬರುತ್ತದೆ.' ಈ ಪತ್ರ ಆ ಮಾತಿನ ಬಗ್ಗೆ.

ನಗು ಬರುವುದು ನಿಜ, ಅಲ್ಲಗಳೆಯುವುದಿಲ್ಲ. ಆದರೆ ಹತ್ತರಲ್ಲಿ ಎಂಟು ಸಲ ಆ ನಗುವಿಗೆ ಕಾರಣ ನಟನೂ ಅಲ್ಲ, ನಿರ್ದೇಶಕನೂ ಅಲ್ಲ. ಚಿತ್ರ ತಪ್ಪು ವೇಗದಲ್ಲಿ ಓಡುತ್ತಿರುತ್ತದೆ, ಚೌಕಟ್ಟು ಎಳೆದು ಹಿಗ್ಗಿರುತ್ತದೆ, ಕಪ್ಪು ಇರಬೇಕಾದಲ್ಲಿ ಬೂದಿ ಬಣ್ಣ ಇರುತ್ತದೆ, ಮೌನ ಇರಬೇಕಾದಲ್ಲಿ ಸ್ಪೀಕರಿನ ಗುಂಯ್‌ಗುಡುವಿಕೆ ಇರುತ್ತದೆ. ಹೆದರಿಕೆಯ ಸಿನಿಮಾ ನಿಂತಿರುವುದೇ ಈ ನಾಲ್ಕರ ಮೇಲೆ. ಹಾಸ್ಯಚಿತ್ರವನ್ನು ಹೇಗೆ ತೋರಿಸಿದರೂ ಅರ್ಧ ಉಳಿಯುತ್ತದೆ, ಭಯದ ಚಿತ್ರ ಹಾಗಲ್ಲ.

ಮೊದಲು ವೇಗ. ಮುರ್ನೌ ಅವರ 1922ರ 'ನೊಸ್ಫೆರಾಟು' ಡ್ರಾಕುಲಾ ಕಥೆಯನ್ನೇ ಹೆಸರು ಬದಲಿಸಿ ತೆಗೆದ ಮೂಕಿ ಚಿತ್ರ. ಆಗ ಕ್ಯಾಮೆರಾ ಕೈಯಿಂದ ತಿರುಗಿಸುವಂಥದ್ದು, ಸೆಕೆಂಡಿಗೆ 24 ಚೌಕಟ್ಟು (ಫ್ರೇಮು) ಎಂಬ ನಿಯಮ ಬಂದದ್ದು ಮಾತಿನ ಚಿತ್ರಗಳ ಜೊತೆಗೆ. ಸರಿಯಾಗಿ ಮರುಸ್ಥಾಪಿಸಿದ 'ನೊಸ್ಫೆರಾಟು' ಪ್ರತಿ ಸೆಕೆಂಡಿಗೆ 18 ಚೌಕಟ್ಟಿನ ಲೆಕ್ಕದಲ್ಲಿ ಸುಮಾರು 94 ನಿಮಿಷ ಓಡುತ್ತದೆ. ಅದನ್ನೇ 24ರಲ್ಲಿ ಓಡಿಸಿದರೆ 70 ನಿಮಿಷದ ಆಸುಪಾಸಿಗೆ ಮುಗಿದುಹೋಗುತ್ತದೆ. ರಕ್ತ ಹೀರುವ ಕೌಂಟ್ ಓರ್ಲೋಕ್ ಆಗಿ ನಟಿಸಿದ ಮ್ಯಾಕ್ಸ್ ಶ್ರೆಕ್ ಕಮಾನಿನ ಕತ್ತಲೆಯಿಂದ ಒಂದೊಂದೇ ಹೆಜ್ಜೆ ಎಳೆದು ಬರುವುದು ಆಗ ಬಸ್ಸು ಹಿಡಿಯಲು ಹೊರಟವನ ನಡಿಗೆ ಆಗುತ್ತದೆ. ನಗದೆ ಇನ್ನೇನು ಮಾಡಬೇಕು ಪ್ರೇಕ್ಷಕ?

ಇದರಲ್ಲಿ ಇನ್ನೂ ಒಂದು ನಷ್ಟವಿದೆ, ಇದನ್ನು ಗಮನಿಸುವವರು ಕಡಿಮೆ. ಓರ್ಲೋಕನ ಗಾಡಿ ಕಾಡಿನಲ್ಲಿ ಓಡುವ ದೃಶ್ಯವನ್ನು ಮುರ್ನೌ ಬೇಕೆಂದೇ ಧಾವಂತದಲ್ಲಿ, ತುಂಡುತುಂಡಾದ ಚಲನೆಯಲ್ಲಿ ತೋರಿಸಿದ್ದಾರೆ. ಅದರ ಒಂದು ಭಾಗದಲ್ಲಿ ನೆಗೆಟಿವ್ ಬಿಂಬವನ್ನೇ ಬಳಸಿ ಮರಗಳನ್ನು ಬೆಳ್ಳಗೆ ಮಾಡಿದ್ದಾರೆ. ಮನುಷ್ಯಲೋಕದ ಕಾಲ ಬೇರೆ, ಅವನ ಲೋಕದ ಕಾಲ ಬೇರೆ ಎಂದು ಪ್ರೇಕ್ಷಕನಿಗೆ ತಿಳಿಯುವುದು ಅಲ್ಲೇ. ಇಡೀ ಚಿತ್ರವೇ ದಡಬಡ ಓಡುತ್ತಿದ್ದರೆ ಆ ಗಾಡಿಯ ಓಟ ಬೇರೆ ಎಂದು ಗೊತ್ತಾಗುವುದಾದರೂ ಹೇಗೆ?

ಬಣ್ಣದ್ದೂ ಇದೇ ಕಥೆ. 'ನೊಸ್ಫೆರಾಟು' ಕಪ್ಪು ಬಿಳುಪಿನ ಚಿತ್ರ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಅದು ತೆರೆಗೆ ಬಂದಾಗ ಫಿಲ್ಮಿಗೆ ಬಣ್ಣ ಅದ್ದಿರುತ್ತಿದ್ದರು: ರಾತ್ರಿಗೆ ನೀಲಿ, ದೀಪದ ಬೆಳಕಿಗೆ ಹಳದಿ, ಮುಂಜಾವಿಗೆ ನಸುಗೆಂಪು. ಕತ್ತಲೆಯಲ್ಲಿ ಚಿತ್ರೀಕರಿಸುವ ಸೌಲಭ್ಯ ಆಗ ಇಲ್ಲದ್ದರಿಂದ ರಾತ್ರಿಯ ದೃಶ್ಯಗಳನ್ನು ಹಗಲಿನಲ್ಲೇ ತೆಗೆದು, ನೀಲಿ ಬಣ್ಣದಿಂದ ರಾತ್ರಿ ಎಂದು ಹೇಳುತ್ತಿದ್ದರು. ಆ ನೀಲಿ ಇಲ್ಲದ ಪ್ರತಿಯಲ್ಲಿ ಓರ್ಲೋಕ್ ತನ್ನ ಶವಪೆಟ್ಟಿಗೆ ಹೊತ್ತುಕೊಂಡು ಹಾಡುಹಗಲೇ ಊರಿನಲ್ಲಿ ಓಡಾಡುತ್ತಾನೆ, ಕೊನೆಗೆ ಬಿಸಿಲು ತಾಗಿತೆಂದು ಕರಗಿಹೋಗುತ್ತಾನೆ. ಕಥೆಯೇ ಅಸಂಬದ್ಧವಾಗಿ ಕಾಣುತ್ತದೆ. 'ನಿರ್ದೇಶಕನಿಗೆ ಲಾಜಿಕ್ ಇಲ್ಲ' ಎಂದು ಬರೆದ ಓದುಗರು ನೋಡಿದ್ದು ಇಂಥ ಪ್ರತಿಯನ್ನೇ ಇರಬೇಕು. ಆದ್ದರಿಂದ ಯಾವ ಪ್ರತಿ ಕೈಗೆ ಬಂದರೂ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ಅವಧಿ 90 ನಿಮಿಷ ದಾಟಿದೆಯೇ? ರಾತ್ರಿ ನೀಲಿಯಾಗಿದೆಯೇ? ಎರಡರಲ್ಲಿ ಒಂದು ಇಲ್ಲದಿದ್ದರೂ ಬೇರೆ ಪ್ರತಿ ಹುಡುಕುವುದೇ ಒಳ್ಳೆಯದು.

ಮಾತಿನ ಚಿತ್ರಗಳಿಗೂ ವೇಗದ ಕಾಟ ತಪ್ಪಿಲ್ಲ. ನಮ್ಮ ದೇಶದ ಟಿವಿ ಪದ್ಧತಿ ಸೆಕೆಂಡಿಗೆ 25 ಚೌಕಟ್ಟಿನದು. ಹಿಂದೆ ಟಿವಿಗೆ, ಡಿವಿಡಿಗೆ ಹಾಕಿದ ಎಷ್ಟೋ ಪ್ರತಿಗಳಲ್ಲಿ 24ರ ಚಿತ್ರವನ್ನು 25ಕ್ಕೆ ಏರಿಸಿಬಿಟ್ಟಿದ್ದಾರೆ. ಶೇಕಡಾ 4ರಷ್ಟು ಏರಿಕೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರದ ಹತ್ತಿರ ಏರುತ್ತದೆ. ಟೆರೆನ್ಸ್ ಫಿಶರ್ ಅವರ 1958ರ 'ಡ್ರಾಕುಲಾ' 82 ನಿಮಿಷದ್ದು. ನಿಮ್ಮ ಪ್ರತಿ 79ಕ್ಕೂ ಕಡಿಮೆ ನಿಮಿಷದಲ್ಲಿ ಮುಗಿದರೆ ನೀವು ಕೇಳಿದ್ದು ಲೀ ಅವರ ಕಂಠವನ್ನಲ್ಲ. ಆ ಚಿತ್ರದಲ್ಲಿ ಲೀಗೆ ಮಾತು ಇರುವುದೇ ಆರಂಭದಲ್ಲಿ ಹಾರ್ಕರ್ ಎಂಬ ಪಾತ್ರದೊಂದಿಗೆ ಮಾತ್ರ, ಆಮೇಲೆ ಚಿತ್ರ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಇರುವ ನಾಲ್ಕು ಮಾತಿನ ಗಾಂಭೀರ್ಯವೂ ಹೋದರೆ ಅವರನ್ನು ಲುಗೋಸಿಯ ಪಕ್ಕ ನಿಲ್ಲಿಸಿ ತೂಗುವುದು ಅನ್ಯಾಯ.

ಇನ್ನು ಚೌಕಟ್ಟಿನ ಆಕಾರ. 1930ರ ದಶಕದ ಹೆಚ್ಚಿನ ಚಿತ್ರಗಳ ಅಗಲ ಎತ್ತರದ 1.37 ಪಟ್ಟು. ಈಗಿನ ಟಿವಿ, ಪ್ರೊಜೆಕ್ಟರುಗಳದು 1.78. ಪರದೆ ತುಂಬಲಿಲ್ಲ ಎಂಬ ಒಂದೇ ಕಾರಣಕ್ಕೆ ರಿಮೋಟ್ ಒತ್ತಿ ಎಳೆದುಬಿಡುತ್ತಾರೆ. ಮುಖ ಶೇಕಡಾ 30ರಷ್ಟು ಅಗಲವಾಗುತ್ತದೆ. ಇದರಿಂದ ಅತಿ ಹೆಚ್ಚು ಅನ್ಯಾಯ ಆಗಿರುವುದು ಬೋರಿಸ್ ಕಾರ್ಲೋಫ್‌ಗೆ. ಜೇಮ್ಸ್ ವೇಲ್ ನಿರ್ದೇಶನದ 'ಫ್ರಾಂಕೆನ್‌ಸ್ಟೈನ್' (1931) ಚಿತ್ರದಲ್ಲಿ ಹೆಣಗಳಿಂದ ಕಟ್ಟಿದ ಜೀವಿಯ ಪಾತ್ರ ಅವರದು. ಅದಕ್ಕಾಗಿ ಪ್ರಸಾಧನ ಕಲಾವಿದ ಜ್ಯಾಕ್ ಪಿಯರ್ಸ್ ದಿನವೂ ಸುಮಾರು 4 ಗಂಟೆ ಕೂತು ಆ ಮುಖ ಕಟ್ಟುತ್ತಿದ್ದರು. ಹತ್ತಿ ಮತ್ತು ಕೊಲೋಡಿಯನ್ ಅಂಟಿನಿಂದ ಹಣೆ ಎತ್ತರಿಸಿ, ರೆಪ್ಪೆಗೆ ಮೇಣ ಹಚ್ಚಿ ಭಾರ ಮಾಡಿ, ಹಸಿರು ಛಾಯೆಯ ಬಣ್ಣ ಬಳಿಯುತ್ತಿದ್ದರು. ಕಪ್ಪುಬಿಳುಪಿನಲ್ಲಿ ಅದು ಹೆಣದ ಬಿಳುಪಾಗಿ ಕಾಣುತ್ತದೆ. ಕೆನ್ನೆ ಒಳಕ್ಕೆ ಕುಸಿಯಲೆಂದು ಕಾರ್ಲೋಫ್ ತಮ್ಮ ಕಟ್ಟಿಸಿದ ಹಲ್ಲನ್ನೇ ತೆಗೆದಿಟ್ಟು ನಟಿಸಿದರು. ಕೈ ಉದ್ದ ಕಾಣಲಿ ಎಂದು ಕೋಟಿನ ತೋಳು ಗಿಡ್ಡ ಮಾಡಿದ್ದರು. ಇಷ್ಟೆಲ್ಲ ಮಾಡಿ ಗಳಿಸಿದ ಸೊರಗಿದ ಮುಖವನ್ನು ರಿಮೋಟಿನ ಒಂದು ಗುಂಡಿ ಉಬ್ಬಿದ ಮುಖ ಮಾಡಿಹಾಕುತ್ತದೆ.

ಎಳೆಯದೆ, ದೊಡ್ಡದು ಮಾಡಿ ತುಂಬಿಸಿದರೆ? ಎತ್ತರದಲ್ಲಿ ಶೇಕಡಾ 23 ಕತ್ತರಿಸಿಹೋಗುತ್ತದೆ. ಹೋಗುವುದು ಮೇಲಿನ ಮತ್ತು ಕೆಳಗಿನ ಭಾಗ, ಅಂದರೆ ಆ ಚಪ್ಪಟೆ ನೆತ್ತಿ ಮತ್ತು ಆ ದಪ್ಪ ಅಟ್ಟೆಯ ಬೂಟು. ಜೀವಿ ಮೊದಲ ಸಲ ಬರುವಾಗ ಬಾಗಿಲಲ್ಲಿ ಬೆನ್ನು ಹಾಕಿಕೊಂಡು ಒಳಗೆ ಬರುತ್ತದೆ, ನಿಧಾನ ತಿರುಗುತ್ತದೆ, ಆಮೇಲೆ ವೇಲ್ ಒಂದರ ಹಿಂದೊಂದು ಹತ್ತಿರ ಹತ್ತಿರದ ಚಿತ್ರಿಕೆಗಳನ್ನು (ಶಾಟ್) ಜೋಡಿಸಿ ಮುಖದೊಳಗೆ ನಮ್ಮನ್ನು ನೂಕುತ್ತಾರೆ. ಮೊದಲ ಚಿತ್ರಿಕೆಯಲ್ಲೇ ತಲೆ ಕತ್ತರಿಸಿದ್ದರೆ ಆ ಮೂರು ಹೆಜ್ಜೆಯ ಏರಿಕೆ ಎಲ್ಲಿಂದ ಹುಟ್ಟಬೇಕು? ಚಿತ್ರ ಎಳೆದಿದೆಯೋ ಇಲ್ಲವೋ ತಿಳಿಯಲು ಸುಲಭದ ಉಪಾಯ: ಗಡಿಯಾರ, ಗಾಡಿಯ ಚಕ್ರ, ಚಂದ್ರ ಯಾವುದಾದರೂ ನೇರ ಎದುರಿಗೆ ಕಂಡಲ್ಲಿ ನಿಲ್ಲಿಸಿ, ಪರದೆಗೆ ದಾರ ಹಿಡಿದು ಅಡ್ಡಕ್ಕೂ ಉದ್ದಕ್ಕೂ ಅಳೆಯಿರಿ. ಎರಡೂ ಸಮ ಬರಬೇಕು.

ಅಗಲ ಚಿತ್ರಗಳಲ್ಲಿ ಇದೇ ತಪ್ಪು ಉಲ್ಟಾ ಆಗುತ್ತದೆ. ಜ್ಯಾಕ್ ಕ್ಲೇಟನ್ ಅವರ 'ದಿ ಇನೊಸೆಂಟ್ಸ್' (1961) ಸಿನಿಮಾಸ್ಕೋಪ್. ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಆ ಅಗಲದ ಎರಡೂ ಅಂಚಿಗೆ ಬಣ್ಣ ಬಳಿದ ಫಿಲ್ಟರಿನಿಂದ ಕತ್ತಲೆ ಕಟ್ಟಿದರು. ನೋಡುವವನ ಕಣ್ಣು ನಡುವಿನ ಬೆಳಕಿನಲ್ಲಿರುತ್ತದೆ, ಮನಸ್ಸು ಅಂಚಿನ ಕತ್ತಲೆಯಲ್ಲಿರುತ್ತದೆ. ಟಿವಿ ತುಂಬಲೆಂದು ಅಗಲದ ಕಾಲುಭಾಗ ಕತ್ತರಿಸಿದರೆ ಹೋಗುವುದು ಸರಿಯಾಗಿ ಆ ಕತ್ತಲೆಯೇ. ನಮ್ಮ ಅಭಿಪ್ರಾಯದಲ್ಲಿ ದೆವ್ವದ ಚಿತ್ರಗಳಲ್ಲಿ ಇದಕ್ಕಿಂತ ಚೆಂದದ ಛಾಯಾಗ್ರಹಣ ಇನ್ನೊಂದಿಲ್ಲ. ಇದನ್ನು ಪೂರ್ತಿ ಅಗಲದಲ್ಲಿ ನೋಡದೆ ಅಭಿಪ್ರಾಯ ಬರೆಯಬೇಡಿ ಎಂದು ಕೈಮುಗಿದು ಕೇಳುತ್ತೇವೆ.

ಈಗ ಲುಗೋಸಿ ಮತ್ತು ಲೀ ಜಗಳಕ್ಕೆ ಬರೋಣ. ಹೋಲಿಸುವುದಾದರೆ ಇಡೀ ಚಿತ್ರಗಳನ್ನು ಹೋಲಿಸಬೇಡಿ, ಒಂದೇ ಸನ್ನಿವೇಶ ತೆಗೆದುಕೊಳ್ಳಿ. ಅತಿಥಿ ಕೋಟೆಗೆ ಬರುತ್ತಾನೆ, ಯಜಮಾನ ಎದುರುಗೊಳ್ಳುತ್ತಾನೆ. 1922, 1931, 1958ರ ಮೂರೂ ಚಿತ್ರಗಳಲ್ಲಿ ಇದಿದೆ. ಮುರ್ನೌನ ಓರ್ಲೋಕ್ ಕತ್ತಲೆಯಿಂದ ಬೇರೆಯಾಗಿ ಬರುವುದೇ ಇಲ್ಲ, ಕತ್ತಲೆಯ ಒಂದು ತುಂಡು ಮುಂದೆ ಸರಿದಂತೆ ಬರುತ್ತಾನೆ. ಟಾಡ್ ಬ್ರೌನಿಂಗ್ ಚಿತ್ರದಲ್ಲಿ ಲುಗೋಸಿ ಮುರುಕು ಮೆಟ್ಟಿಲ ಮೇಲೆ ಮೋಂಬತ್ತಿ ಹಿಡಿದು ನಿಂತಿರುತ್ತಾರೆ. ದಾರಿಗೆ ಅಡ್ಡ ಇರುವ ದೊಡ್ಡ ಜೇಡರಬಲೆಯನ್ನು ಹರಿಯದೆ ದಾಟಿ ಹೋಗುತ್ತಾರೆ, ಹಿಂದೆ ಬರುವ ಅತಿಥಿ ಕೈಕೋಲಿನಿಂದ ಅದನ್ನು ಹರಿಯಬೇಕಾಗುತ್ತದೆ. ಫಿಶರ್ ಚಿತ್ರದಲ್ಲಿ ಲೀ ಮೆಟ್ಟಿಲ ತುದಿಯಲ್ಲಿ ಕಪ್ಪು ನೆರಳಾಗಿ ಕಾಣಿಸಿ, ನಾವು ಕಿರುಚಲು ಸಿದ್ಧರಾಗುವಷ್ಟರಲ್ಲಿ ಸರಸರ ಇಳಿದು ಬಂದು ಮರ್ಯಾದಸ್ಥ ಮನೆಯ ಯಜಮಾನನಂತೆ ಮಾತನಾಡಿಸುತ್ತಾರೆ. 196 ಸೆಂಟಿಮೀಟರ್ ಎತ್ತರದ ಆಳು ಆ ಸಲೀಸಿನಲ್ಲಿ ಇಳಿಯುವುದೇ ಹೆದರಿಕೆ.

ಮೂರು ಬೇರೆ ಬೇರೆ ಭಯ ಇವು: ರೋಗದ ಭಯ, ವಶವಾಗುವ ಭಯ, ಸಭ್ಯತೆಯೊಳಗಿನ ಹಸಿವಿನ ಭಯ. ಲುಗೋಸಿ ಇಡೀ ಚಿತ್ರದಲ್ಲಿ ಕೋರೆಹಲ್ಲು ತೋರಿಸುವುದಿಲ್ಲ. ಅವರ ಆಯುಧ ಕಣ್ಣು ಮತ್ತು ಹಂಗೇರಿಯ ಎಳೆತದ ಮಾತು. ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಆ ಕಣ್ಣುಗಳ ಮೇಲೆ ಮಾತ್ರ ಸಣ್ಣ ಬೆಳಕಿನ ಕಿರಣ ಬಿಟ್ಟು, ಉಳಿದ ಮುಖವನ್ನು ನಸುಗತ್ತಲೆಗೆ ಬಿಟ್ಟಿದ್ದರು. ಟಿವಿಯಲ್ಲಿ 'ವಿವಿಡ್' ಮೋಡ್ ಇಟ್ಟರೆ ಮುಖವೆಲ್ಲ ಸಮನಾಗಿ ಬೆಳಗಿ ಕಣ್ಣಿನ ಕಿರಣ ಕಾಣೆಯಾಗುತ್ತದೆ. ಆಗ ಉಳಿಯುವುದು ಸುಮ್ಮನೆ ದಿಟ್ಟಿಸುವ ಒಬ್ಬ ಮನುಷ್ಯ. ಲೀ ವಿಷಯದಲ್ಲಿ ಇಷ್ಟು ಅಪಾಯವಿಲ್ಲ. ಅವರದು ಬಣ್ಣದ ಚಿತ್ರ, ಕೆಂಪು ರಕ್ತ, ಕೆಂಪೇರಿದ ಕಣ್ಣು, ಎದುರಿಗೆ ಡ್ರಾಕುಲಾನನ್ನು ಬೇಟೆಯಾಡುವ ಪಾತ್ರದಲ್ಲಿ ಪೀಟರ್ ಕುಶಿಂಗ್. ಊಟದ ಮೇಜಿನ ಮೇಲೆ ಓಡಿಹೋಗಿ ಪರದೆ ಕಿತ್ತು ಬಿಸಿಲು ಒಳಗೆ ಬಿಡುವ, ಎರಡು ಮೋಂಬತ್ತಿ ಕಂಬಗಳನ್ನು ಅಡ್ಡ ಹಿಡಿದು ಶಿಲುಬೆ ಮಾಡುವ ಕುಶಿಂಗ್ ಇಲ್ಲದಿದ್ದರೆ ಆ ಕೊನೆಯ ದೃಶ್ಯಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ. ಲೀಯನ್ನು ಹೊಗಳುವವರು ಕುಶಿಂಗರ ಹೆಸರು ಬಿಡುವುದು ನಮಗೆ ಸರಿ ಕಾಣುವುದಿಲ್ಲ. ಅಂದಹಾಗೆ ಆ ಅಂತ್ಯದ ಒಂದಿಷ್ಟು ತುಣುಕು ಸೆನ್ಸಾರ್ ಕತ್ತರಿಗೆ ಹೋಗಿತ್ತು, ಜಪಾನಿನಲ್ಲಿ ಉಳಿದಿದ್ದ ಪ್ರತಿಯಿಂದ ತೆಗೆದು 2012ರ ಮರುಸ್ಥಾಪನೆಯಲ್ಲಿ ಸೇರಿಸಿದ್ದಾರೆ. ಹಾಗಾಗಿ ಹಳೆಯ ಡಿವಿಡಿ ನೋಡಿದವರು ಮತ್ತೊಮ್ಮೆ ನೋಡಬೇಕು.

ನಮ್ಮ ತೀರ್ಪು ಕೇಳಿದರೆ: ನಟನೆಯಲ್ಲಿ ಕಾರ್ಲೋಫ್ ಎಲ್ಲರಿಗಿಂತ ಮೇಲೆ. ಮಾತಿಲ್ಲದೆ, ಅಷ್ಟು ಬಣ್ಣ ಮೇಣದ ಒಳಗಿನಿಂದ ಮಗುವಿನ ದಿಗಿಲು ತೋರಿಸಿದವರು ಇನ್ನೊಬ್ಬರಿಲ್ಲ. ಆರಂಭದ ಹೆಸರುಪಟ್ಟಿಯಲ್ಲಿ ಆ ಪಾತ್ರದ ಮುಂದೆ ನಟನ ಹೆಸರಿನ ಬದಲು ಬರೀ ಪ್ರಶ್ನೆಚಿಹ್ನೆ ಹಾಕಿದ್ದರು.

ನಿರ್ದೇಶಕರನ್ನು ಹೋಲಿಸುವವರಿಗೆ 1931ರಲ್ಲೇ ಒಂದು ಅಪರೂಪದ ಅವಕಾಶವಿದೆ. ಹಗಲು ಬ್ರೌನಿಂಗ್ ಇಂಗ್ಲಿಷ್ 'ಡ್ರಾಕುಲಾ' ತೆಗೆಯುತ್ತಿದ್ದ ಸೆಟ್ಟಿನಲ್ಲೇ ರಾತ್ರಿ ಜಾರ್ಜ್ ಮೆಲ್ಫೋರ್ಡ್ ಸ್ಪ್ಯಾನಿಷ್ ಆವೃತ್ತಿ ತೆಗೆದರು. ಅದೇ ಮೆಟ್ಟಿಲು, ಅದೇ ಜೇಡರಬಲೆ, ಹೆಚ್ಚುಕಡಿಮೆ ಅದೇ ಕಥಾಪಾಠ. ಇಂಗ್ಲಿಷಿನದು 75 ನಿಮಿಷ, ಸ್ಪ್ಯಾನಿಷಿನದು 104. ಮೆಲ್ಫೋರ್ಡ್ ಕ್ಯಾಮೆರಾ ಮೆಟ್ಟಿಲ ಮೇಲಕ್ಕೆ ತೇಲಿಹೋಗಿ ಕೌಂಟನನ್ನು ಮುಟ್ಟುತ್ತದೆ, ಬ್ರೌನಿಂಗ್ ಕ್ಯಾಮೆರಾ ದೂರ ನಿಂತು ನೋಡುತ್ತದೆ. ಕ್ಯಾಮೆರಾ ಕೆಲಸದಲ್ಲಿ ಸ್ಪ್ಯಾನಿಷ್ ಮೇಲು, ಆದರೆ ಕೌಂಟನ ಪಾತ್ರದ ಕಾರ್ಲೋಸ್ ವಿಲ್ಯಾರಿಯಾಸ್ ಲುಗೋಸಿ ಅಲ್ಲ. ನಿರ್ದೇಶಕ ಎಷ್ಟು ಕೊಡುತ್ತಾನೆ, ನಟ ಎಷ್ಟು ಕೊಡುತ್ತಾನೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವ ಜೋಡಿ ಬೇರೆ ಸಿಗುವುದು ಕಷ್ಟ. ಎರಡನ್ನೂ ಒಂದೇ ವಾರದಲ್ಲಿ ನೋಡಿ.

ಶಬ್ದದ ವಿಷಯ ಮಲೆನಾಡಿನವರಿಗೆ ಎಲ್ಲಕ್ಕಿಂತ ಮುಖ್ಯ. 1931ರ ಇಂಗ್ಲಿಷ್ 'ಡ್ರಾಕುಲಾ'ದಲ್ಲಿ ಶೀರ್ಷಿಕೆಯ ನಂತರ ಹಿನ್ನೆಲೆ ಸಂಗೀತ ಇಲ್ಲವೆಂದೇ ಹೇಳಬೇಕು. ವ್ಯಾಲ್ ಲ್ಯೂಟನ್ ನಿರ್ಮಿಸಿ ಜ್ಯಾಕ್ ಟೂರ್ನರ್ ನಿರ್ದೇಶಿಸಿದ 'ಕ್ಯಾಟ್ ಪೀಪಲ್' (1942) ಚಿತ್ರದಲ್ಲಿ ಒಬ್ಬಳು ರಾತ್ರಿ ಒಂಟಿಯಾಗಿ ನಡೆಯುತ್ತಾಳೆ, ಹೆಜ್ಜೆ ಸಪ್ಪಳ ಬಿಟ್ಟು ಬೇರೇನೂ ಇಲ್ಲ, ಅವಳ ಹಿಂದೆ ಬರುತ್ತಿದ್ದ ಹೆಜ್ಜೆ ಸಪ್ಪಳ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ಆಮೇಲೆ ಪಕ್ಕದಿಂದ ಬಸ್ಸೊಂದು ಬುಸ್ಸೆಂದು ಬಂದು ನಿಲ್ಲುತ್ತದೆ. ಅಷ್ಟೇ. ಅದಾದ ಮೇಲೆ ಬಂದ ನೂರಾರು ಚಿತ್ರಗಳು ಸಾಲ ಪಡೆದದ್ದು ಆ ಒಂದು ಬಸ್ಸಿನಿಂದ. ತಗಡಿನ ಸೂರಿನ ಸಮುದಾಯ ಭವನದಲ್ಲಿ ಆಷಾಢದ ಜಡಿಮಳೆಯ ರಾತ್ರಿ ಇದನ್ನು ಹಾಕಿದರೆ ಹೆಜ್ಜೆಯೂ ಕೇಳದು, ಅದು ನಿಂತದ್ದೂ ಕೇಳದು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಕಿ ಚಿತ್ರ ತೋರಿಸಿ, ಮಳೆಯ ಸದ್ದು ಅದಕ್ಕೆ ಕೆಡುಕು ಮಾಡುವುದಿಲ್ಲ. ಮೌನವನ್ನೇ ನಂಬಿದ 'ಕ್ಯಾಟ್ ಪೀಪಲ್', 'ದಿ ಇನೊಸೆಂಟ್ಸ್', ರಾಬರ್ಟ್ ವೈಸ್ ಅವರ 'ದಿ ಹಾಂಟಿಂಗ್' (1963) ಇವನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. 'ದಿ ಹಾಂಟಿಂಗ್'ನಲ್ಲಿ ಭೂತ ಒಮ್ಮೆಯೂ ಕಾಣುವುದಿಲ್ಲ. ಗೋಡೆಯಾಚೆಯ ಬಡಿತ, ಉಸಿರಾಡುವಂತೆ ಉಬ್ಬುವ ಬಾಗಿಲು ಇಷ್ಟರಲ್ಲೇ ಮೈ ತಣ್ಣಗಾಗುತ್ತದೆ.

ಶಾಮಿಯಾನದವರ ಮೈಕ್ ಸೆಟ್ ತಂದರೆ ಅದರ ಎಕೋ ಗುಂಡಿ ಪೂರ್ತಿ ಸೊನ್ನೆಗೆ ತನ್ನಿ, ಬಾಸ್ ನಡುವಿಗೆ. ಹಳೆಯ ಚಿತ್ರಗಳ ಧ್ವನಿ ಮೋನೋ, ಅಂದರೆ ಎಡಬಲ ಎಂದು ಬೇರ್ಪಡದ ಒಂದೇ ಧ್ವನಿ. ಎರಡು ಪಕ್ಕದಲ್ಲಿ ಎರಡು ಕಂಬದ ಸ್ಪೀಕರ್ ಇಡುವುದಕ್ಕಿಂತ ಪರದೆಯ ಕೆಳಗೆ ನಡುವೆ ಒಂದೇ ಇಟ್ಟರೆ ಮಾತು ಬಾಯಿಂದ ಬಂದಂತೆ ಕೇಳುತ್ತದೆ. ಮಾತು ಕೊನೆಯ ಸಾಲಿಗೆ ಮುಟ್ಟುವಷ್ಟು ಮಟ್ಟ ಇಟ್ಟು ಗುಂಡಿಯಿಂದ ಕೈ ತೆಗೆಯಿರಿ. ಮೌನ ಬಂದಾಗ 'ಕೇಳುತ್ತಿಲ್ಲ' ಎಂದು ಏರಿಸಿ, ಕಿರುಚಾಟ ಬಂದಾಗ ಸ್ಪೀಕರ್ ಒಡೆದಂತಾಗಿ ಇಳಿಸುವುದು ನಮ್ಮಲ್ಲಿ ತುಂಬಾ ನಡೆಯುತ್ತದೆ. 'ಸೈಕೋ' (1960) ಸ್ನಾನದ ದೃಶ್ಯದಲ್ಲಿ ಬರ್ನಾರ್ಡ್ ಹರ್ಮನ್ ಅವರ ಪಿಟೀಲುಗಳು ಹಾಗೆ ಸೀಳಿದರೆ ಸಂಗೀತ ಅಲ್ಲ, ಗಲಾಟೆ. ಆ ಚಿತ್ರದ ಸಂಗೀತದಲ್ಲಿ ತಂತಿವಾದ್ಯಗಳ ಹೊರತು ಬೇರೇನೂ ಇಲ್ಲ. ಟಿವಿಯಲ್ಲಿರುವ 'ಆಟೋ ವಾಲ್ಯೂಮ್', 'ನೈಟ್ ಮೋಡ್' ಇವನ್ನೂ ಆರಿಸಿ. ಅವು ಪಿಸುಮಾತನ್ನೂ ಕೂಗನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಕಮಾಲ್ ಅಮ್ರೋಹಿ ಅವರ 'ಮಹಲ್' (1949) ನೆನಪಿಸಿಕೊಳ್ಳಿ. ಅದರ ಪ್ರಸಿದ್ಧ ಹಾಡಿಗೆ ಲತಾ ಮಂಗೇಶ್ಕರ್ ದೂರದಿಂದ ಹಾಡುತ್ತಾ ಮೈಕಿನತ್ತ ನಡೆದು ಬಂದರು. ಧ್ವನಿ ದೂರದಿಂದ ಹತ್ತಿರ ಬರುವುದೇ ಅಲ್ಲಿನ ದೆವ್ವ. ಸಮಮಟ್ಟ ಮಾಡಿದರೆ ದೂರವೂ ಇಲ್ಲ, ದೆವ್ವವೂ ಇಲ್ಲ.

ಕನ್ನಡದ ಚಿತ್ರಗಳ ಹೋಲಿಕೆಗೂ ಇದೇ ಮಾತು. ವಿಜಯ್ ನಿರ್ದೇಶನದ 'ನಾ ನಿನ್ನ ಬಿಡಲಾರೆ' (1979) ಬಗ್ಗೆ 'ಬಣ್ಣ ಮಾಸಿದ ಮೆಲೋಡ್ರಾಮ' ಎಂದು ಬರೆದವರಿದ್ದಾರೆ. ಆ ಕಾಲದ ಈಸ್ಟ್‌ಮನ್ ಕಲರ್ ಪ್ರಿಂಟುಗಳಲ್ಲಿ ನೀಲಿ ಹಸಿರಿನ ಅಂಶ ಮೊದಲು ಮಾಸುತ್ತದೆ, ಕಾಲಕ್ರಮೇಣ ಎಲ್ಲವೂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಲಾಬಿ ರಾತ್ರಿಯಲ್ಲಿ ಯಾರಿಗೆ ಹೆದರಿಕೆಯಾದೀತು? ದೆವ್ವ ಹಿಡಿದಾಗ ಅನಂತ್ ನಾಗ್ ಅವರ ಕಣ್ಣು, ಭುಜ, ನಡಿಗೆ ಬದಲಾಗುವುದನ್ನು ಒಳ್ಳೆಯ ಪ್ರತಿಯಲ್ಲಿ ಮತ್ತೆ ನೋಡಿ. ಶೋಭನಾ ('ಮಣಿಚಿತ್ರತಾಳ್', 1993) ಮತ್ತು ಸೌಂದರ್ಯ ('ಆಪ್ತಮಿತ್ರ', 2004) ಹೋಲಿಕೆಗೆ ಎಲ್ಲರೂ ಕೊನೆಯ ನೃತ್ಯವನ್ನೇ ತೆಗೆದುಕೊಳ್ಳುತ್ತಾರೆ. ನೃತ್ಯಕ್ಕೆ ಸಂಗೀತ, ಉಡುಗೆ, ದೀಪ ಎಲ್ಲದರ ಬೆಂಬಲವಿದೆ. ಗಂಡ ಹೊರಗೆ ಹೋಗಬೇಡ ಎಂದಾಗ ಗಂಗಾ (ಇಬ್ಬರು ನಟಿಯರದೂ ಇದೇ ಪಾತ್ರ) ಮಾತಿನ ನಡುವೆಯೇ ಬೇರೆಯಾಗುವ ಕ್ಷಣವನ್ನು ಹೋಲಿಸಿ. ಅಲ್ಲಿ ನಟಿಗೆ ಮುಖ ಮತ್ತು ಕಂಠ ಬಿಟ್ಟು ಬೇರೆ ಆಸರೆ ಇಲ್ಲ.

ಭಯಾನಕ ಚಿತ್ರ ಎಂದು ಯಾರೂ ಕರೆಯದ ಒಂದನ್ನು ಈ ಪಟ್ಟಿಗೆ ಸೇರಿಸಲು ನಮಗೆ ಆಸೆ. ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977). ಮಲೆನಾಡಿನ ರಾತ್ರಿ, ಕಾಡು, ಹುತ್ತ, ಹುಡುಗ ನಾಣಿಯ ಕಣ್ಣು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ, ಬಿ.ವಿ. ಕಾರಂತರ ಸಂಗೀತ. ದೆವ್ವವಿಲ್ಲದೆ, ಮನುಷ್ಯರ ಕಟ್ಟಳೆಯಿಂದಲೇ ಎದೆ ನಡುಗಿಸುವ ಚಿತ್ರ. ಮರುಸ್ಥಾಪಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಗಿದೆ. ಅದು ಶಿವಮೊಗ್ಗದ ತೆರೆಯ ಮೇಲೂ ಬರಲಿ ಎಂಬುದು ನಮ್ಮ ಹಂಬಲ.

ಊರಿನಲ್ಲಿ ಪ್ರದರ್ಶನ ಮಾಡುವ ಯುವಕ ಸಂಘಗಳು, ಶಾಲೆಗಳವರಿಗೆ ಕೆಲವು ಲೆಕ್ಕ. ಪ್ರೊಜೆಕ್ಟರ್ ಎಷ್ಟು ಪ್ರಖರವೋ ಅಷ್ಟು ಒಳ್ಳೆಯದು ಎಂಬ ನಂಬಿಕೆ ತಪ್ಪು. ಚಿತ್ರಮಂದಿರದ ಪರದೆಯ ಬೆಳಕಿನ ಮಟ್ಟ ಸುಮಾರು 14 ಫುಟ್‌ಲ್ಯಾಂಬರ್ಟ್, ಅಂದರೆ ಸಾಮಾನ್ಯ ಬಿಳಿ ಪರದೆಯ ಪ್ರತಿ ಚದರಡಿಗೆ 14 ಲ್ಯೂಮೆನ್ ಬೆಳಕು. 12 ಅಡಿ ಅಗಲ, 6 ಮುಕ್ಕಾಲು ಅಡಿ ಎತ್ತರದ ಪರದೆ ಎಂದರೆ 81 ಚದರಡಿ, 14ರಿಂದ ಗುಣಿಸಿದರೆ ಸುಮಾರು 1150 ಲ್ಯೂಮೆನ್ ಸಾಕು. ಕಚೇರಿಗೆಂದು ಮಾಡಿದ 3500 ಲ್ಯೂಮೆನ್ನಿನ ಪ್ರೊಜೆಕ್ಟರನ್ನು ಅದರ ಪ್ರಖರ ಮೋಡಿನಲ್ಲಿ ಬಿಟ್ಟರೆ ಕಪ್ಪೆಲ್ಲ ಬೂದಿಯಾಗುತ್ತದೆ. 'ಸಿನಿಮಾ' ಮೋಡ್, ಇಕೋ ಲ್ಯಾಂಪ್ ಎರಡನ್ನೂ ಹಾಕಿ. ಆಮೇಲೆ ಕತ್ತಲೆಯ ದೃಶ್ಯವೊಂದರಲ್ಲಿ ನಿಲ್ಲಿಸಿ, 'ಬ್ರೈಟ್‌ನೆಸ್' ಏರಿಸುತ್ತಾ ಕಪ್ಪು ಕೋಟಿನ ಮಡಿಕೆ ಕಾಣುವಲ್ಲಿಗೆ ಬನ್ನಿ, ಅಲ್ಲಿಂದ ಒಂದು ಹಂತ ಇಳಿಸಿ. ಚಲನೆಯನ್ನು 'ನುಣುಪು' ಮಾಡುವ ಸೌಲಭ್ಯ ಟಿವಿಯಲ್ಲಿ ಯಾವ ಹೆಸರಿನಲ್ಲಿದ್ದರೂ ಆರಿಸಿ. ಅದು ಇಲ್ಲದ ಚೌಕಟ್ಟುಗಳನ್ನು ಸೃಷ್ಟಿಸಿ ಸಿನಿಮಾವನ್ನು ಧಾರಾವಾಹಿಯಂತೆ ಮಾಡುತ್ತದೆ.

ಪರದೆಯ ಖಾಲಿ ಭಾಗಕ್ಕೆ ಕಪ್ಪು ಮುಚ್ಚಿಗೆ ಕಡ್ಡಾಯ. ಅದೇ 12 ಅಡಿ ಪರದೆಯಲ್ಲಿ 1.37ರ ಚಿತ್ರ ಸುಮಾರು 9 ಕಾಲು ಅಡಿ ಅಗಲ ಬರುತ್ತದೆ, ಎಡಬಲಕ್ಕೆ ತಲಾ 1 ಅಡಿ 4 ಇಂಚು ಮುಚ್ಚಬೇಕು. 2.35ರ ಸಿನಿಮಾಸ್ಕೋಪಿಗೆ ಮೇಲೆ ಕೆಳಗೆ ತಲಾ 10 ಇಂಚು. ಹೊಳೆಯುವ ಸ್ಯಾಟಿನ್ ಬೇಡ. ನಮ್ಮ ಕಡೆಯ ಕರಿಕಂಬಳಿಯಂಥ ಒಳ್ಳೆಯ ವಸ್ತು ಬೇರೆ ಇಲ್ಲ: ಬೆಳಕು ಹೀರುತ್ತದೆ, ಗೋಡೆಗೆ ಇಳಿಬಿಟ್ಟರೆ ಪ್ರತಿಧ್ವನಿಯನ್ನೂ ಹೀರುತ್ತದೆ. ಬಿಳಿ ಪಂಚೆಯನ್ನೇ ಪರದೆ ಮಾಡುವುದಾದರೆ ಹಿಂದೆಯೂ ಒಂದು ಕಂಬಳಿ ಕಟ್ಟಿ, ಇಲ್ಲದಿದ್ದರೆ ಬೆಳಕು ಸೋರುತ್ತದೆ. ಹೊರಹೋಗುವ ಬಾಗಿಲ ದೀಪ ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ.

ಪ್ರೊಜೆಕ್ಟರನ್ನು ಓರೆ ಇಟ್ಟು 'ಕೀಸ್ಟೋನ್'ನಿಂದ ನೆಟ್ಟಗೆ ಮಾಡಬೇಡಿ, ಬಿಂಬ ಮಸುಕಾಗುತ್ತದೆ. ಸ್ಟೂಲಿನ ಮೇಲೆ ಎತ್ತರಿಸಿ ನೇರ ಇಡಿ. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಅದರ ನೀಲಿ ಹರಳು ಗುಲಾಬಿಗೆ ತಿರುಗಿದರೆ ಕಾಯಿಸಿ ಒಣಗಿಸಿ. ಪರದೆಯನ್ನು ಮಡಚದೆ ನಾಲ್ಕಿಂಚಿನ ಪಿವಿಸಿ ಪೈಪಿಗೆ ಸುತ್ತಿ. ಕರೆಂಟ್ ಹೋಗುವ ಊರಿನಲ್ಲಿ ಲ್ಯಾಂಪ್ ಪ್ರೊಜೆಕ್ಟರಿಗೆ ಯುಪಿಎಸ್ ಇರಲೇಬೇಕು. ಫ್ಯಾನ್ ತಟ್ಟನೆ ನಿಂತರೆ ಒಳಗಿನ ಬಿಸಿಗೆ ಲ್ಯಾಂಪಿನ ಆಯುಸ್ಸು ಕಡಿಮೆಯಾಗುತ್ತದೆ, ಸಿಡಿಯಲೂಬಹುದು. ಚಿತ್ರ ನಿಂತರೂ ಐದು ನಿಮಿಷ ಫ್ಯಾನ್ ತಿರುಗುವಷ್ಟು ಬ್ಯಾಟರಿ ಸಾಕು. ಸ್ಕ್ವೇರ್ ವೇವ್ ಇನ್ವರ್ಟರಿಗೆ ಆಂಪ್ಲಿಫಯರ್ ಜೋಡಿಸಿದರೆ ಗುಂಯ್ ಎನ್ನುತ್ತದೆ, ಸೈನ್ ವೇವ್ ಇರಲಿ.

ಕನ್ನಡ ಅಡಿಬರಹ ಮಾಡುವವರಿಗೆ ಒಂದು ವಿಶೇಷ ಎಚ್ಚರಿಕೆ. ನಮ್ಮ ಭಾಷೆಯಲ್ಲಿ 'ಇಲ್ಲ' ಬರುವುದು ವಾಕ್ಯದ ಕೊನೆಗೆ. 'ಒಳಗೆ ಯಾರಾದರೂ ಇದ್ದಾರೆ ಎಂದು ನನಗೆ' ಎಂದು ಒಂದು ಅಡಿಬರಹ, 'ಅನ್ನಿಸುತ್ತಿಲ್ಲ' ಎಂದು ಮುಂದಿನದು ಹಾಕಿದರೆ ನಡುವಿನ ಎರಡು ಸೆಕೆಂಡು ಪ್ರೇಕ್ಷಕ ಉಲ್ಟಾ ಅರ್ಥ ಮಾಡಿಕೊಳ್ಳುತ್ತಾನೆ. ಹೆದರಿಸಬೇಕಾದ್ದು ನಿರ್ದೇಶಕ, ಅಡಿಬರಹವಲ್ಲ. ವಾಕ್ಯ ಒಡೆಯದೆ ಚಿಕ್ಕದು ಮಾಡಿ, ಎರಡು ಸಾಲಿಗೆ ಮಿತಿಗೊಳಿಸಿ, ಕಡತವನ್ನು ಯುಟಿಎಫ್-8ರಲ್ಲಿ (ಕನ್ನಡ ಅಕ್ಷರಗಳನ್ನು ಹಾಗೆಯೇ ಕಾಪಾಡುವ ಸಂಕೇತ ಪದ್ಧತಿ) ಉಳಿಸಿ. ಹಾಗೆ ಉಳಿಸದಿದ್ದರೆ ಅಕ್ಷರಗಳ ಬದಲು ಪ್ರಶ್ನೆಚಿಹ್ನೆಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ಕನ್ನಡ ಫಾಂಟ್ ಸರಿಯಾಗಿ ಮೂಡದ ಪ್ಲೇಯರಿನಲ್ಲಿ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಸರಿಯುತ್ತದೆ, ಹಿಂದಿನ ದಿನವೇ ಅದೇ ಪ್ಲೇಯರಿನಲ್ಲಿ ಹಾಕಿ ನೋಡಿಕೊಳ್ಳಿ.

ಹಕ್ಕಿನ ವಿಷಯ ಚುಟುಕಾಗಿ: ನಮ್ಮ ಕಾಯ್ದೆಯಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಮರುಸ್ಥಾಪಿತ ಪ್ರತಿಗೆ ಹೊಸದಾಗಿ ಮಾಡಿದ ಸಂಗೀತದ ಹಕ್ಕು ಬೇರೆ ಇರಬಹುದು. ಸಾರ್ವಜನಿಕ ಪ್ರದರ್ಶನಕ್ಕೆ ಬೇಕಾದ ಅನುಮತಿ ಮೊದಲೇ ಪಡೆಯಿರಿ.

ಹಳ್ಳಿಯ ಜನಕ್ಕೆ ಇಂಥ ಚಿತ್ರ ಹಿಡಿಸದು ಎಂಬ ಮಾತೂ ಒಂದು ಪತ್ರದಲ್ಲಿತ್ತು. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲೇ ಚಿತ್ರಸಮಾಜ ಕಟ್ಟಿ ಅಡಿಕೆ ತೋಟದ ನಡುವಿನ ಜನಕ್ಕೆ ಲೋಕದ ಚಿತ್ರಗಳನ್ನು ತೋರಿಸಿದ ಜಿಲ್ಲೆ ನಮ್ಮದು.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ನಿಮ್ಮ ಸಿನಿಮಾ ಪುಟದಲ್ಲಿ ಹಳೆಯ ಚಿತ್ರದ ಬಗ್ಗೆ ಬರೆಯುವಾಗ ಬಿಡುಗಡೆಯ ವರ್ಷ, ಮೂಲ ಅವಧಿ ಎಷ್ಟು ನಿಮಿಷ, ಚೌಕಟ್ಟಿನ ಅನುಪಾತ, ಬಣ್ಣ ಅದ್ದಿದ್ದೋ ಕಪ್ಪುಬಿಳುಪೋ ಎಂಬ ನಾಲ್ಕು ವಿವರಗಳನ್ನು ಒಂದು ಸಾಲಿನಲ್ಲಿ ಕೊಡಿ. ಓದುಗರು ತಮ್ಮ ಕೈಯಲ್ಲಿರುವ ಪ್ರತಿಯನ್ನು ಅದರ ಜೊತೆ ತಾಳೆ ನೋಡಿಕೊಳ್ಳಲಿ. ಆಮೇಲೆ ಲುಗೋಸಿಯೋ ಲೀಯೋ ಎಂದು ಬರೆಯಲಿ, ನಾವೂ ಬರೆಯುತ್ತೇವೆ.

ಇತಿ,
ಹಳೆಯ ಚಿತ್ರಗಳ ಅಭಿಮಾನಿಗಳು, ಶಿವಮೊಗ್ಗ